‘ಕಾರ್ಮಿಕ’ ಎಂಬ ಹೆಸರು ಎಲ್ಲಿಗೆ ಹೋಯಿತು?

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಬಾತಿ ಸಿಗುತ್ತದೆ. ಒಂದು ಕಡೆ ಬಟ್ಟೆ ಗಿರಣಿಗಳ ಊರು, ಇನ್ನೊಂದು ಕಡೆ ಕಿರ್ಲೋಸ್ಕರ್ ಕಾರ್ಖಾನೆಯ ಊರು. ‘ನಾವು ಯಾರು’ ಎಂಬ ಪ್ರಶ್ನೆಗೆ ಇಲ್ಲಿಯ ಜನ ಕೊಟ್ಟ ಉತ್ತರ ಹೇಗೆ ಬದಲಾಯಿತು ಎಂದು ತಿಳಿಯಲು ಈ ಎರಡು ಊರು ಸಾಕು.

ಮೊದಲು ಗಡಿಯ ವಿಷಯ. 1956ರ ನವೆಂಬರ್ 1ರವರೆಗೆ ಹರಿಹರದ ಬಳಿ ತುಂಗಭದ್ರೆಯೇ ಗಡಿ. ಈ ದಡ ಮೈಸೂರು, ಆ ದಡದ ರಾಣೇಬೆನ್ನೂರು ಮುಂಬೈ ಆಡಳಿತಕ್ಕೆ ಸೇರಿತ್ತು. ಎರಡೂ ದಡದ ಮಾತು ಕನ್ನಡವೇ. ಆದರೂ ಇವರು ಮೈಸೂರಿನವರು, ಅವರು ಧಾರವಾಡದ ಕಡೆಯವರು. ಏಕೀಕರಣವಾದ ಮೇಲೂ ರಾಜ್ಯದ ಹೆಸರು ಮೈಸೂರೇ ಇತ್ತು. ‘ಕರ್ನಾಟಕ’ ಆಗಿದ್ದು 1973ರಲ್ಲಿ.

ಅಷ್ಟರೊಳಗೆ ಇನ್ನೊಂದು ಹೆಸರು ಹುಟ್ಟಿತ್ತು. 1930ರ ದಶಕದಿಂದ ದಾವಣಗೆರೆಯಲ್ಲಿ ಗಿರಣಿಗಳು ಬೆಳೆದವು. 1941ರಲ್ಲಿ ಮರಾಠಿ ಮನೆತನದ ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಲೇತ್ ಯಂತ್ರದ ಕಾರ್ಖಾನೆ ಶುರುಮಾಡಿತು. ಹಳ್ಳಿಯಲ್ಲಿ ಬೇರೆ ಬೇರೆ ಕೇರಿಯಲ್ಲಿದ್ದವರು ಅಲ್ಲಿ ಒಂದೇ ಪಾಳಿಯಲ್ಲಿ ನಿಂತರು. ಸಂಜೆ ಮನೆಗೆ ಬಂದರೆ ಕೇರಿ ಮತ್ತೆ ಬೇರೆಯೇ. ಜಾತಿ ಹೋಗಲಿಲ್ಲ. ಆದರೆ ಕೂಲಿ ಹೆಚ್ಚಿಸಿ ಎಂದು ಗೇಟಿನ ಮುಂದೆ ಕೂತಾಗ ಎಲ್ಲರ ಹೆಸರೂ ‘ಕಾರ್ಮಿಕ’.

ಆ ಹೆಸರಿಗೆ ಮತಪೆಟ್ಟಿಗೆಯಲ್ಲೂ ಬೆಲೆ ಬಂತು. ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿ ದಾವಣಗೆರೆಯಿಂದ 1978, 1983 ಮತ್ತು 1985ರಲ್ಲಿ, ಸತತ ಮೂರು ಸಲ ಶಾಸಕರಾದರು. ವರ್ತಕರ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. 1990ರ ಅಕ್ಟೋಬರ್‌ನಲ್ಲಿ ಅದೇ ದಾವಣಗೆರೆಯಲ್ಲಿ ಕೋಮುಗಲಭೆ ಆಯಿತು. ಈ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಒಟ್ಟಿಗೆ ನಿಲ್ಲುವ ಗೇಟು ಹೋದ ಮೇಲೆ ಒಟ್ಟಿಗೆ ಕರೆಯುವ ಹೆಸರೂ ಸವೆಯಿತು.

ದುಡಿಮೆ ಮಾತ್ರ ನಿಂತಿಲ್ಲ. ಮಂಡಕ್ಕಿ ಭಟ್ಟಿ, ಹಮಾಲಿ, ಗಾರೆ ಕೆಲಸ, ಮೊಬೈಲ್ ಆರ್ಡರ್ ತಲುಪಿಸುವ ಬೈಕು ಎಲ್ಲ ಇವೆ. ಎಲ್ಲರೂ ಒಬ್ಬೊಬ್ಬರೇ. ಇವತ್ತು ನಮ್ಮ ಹುಡುಗರಿಗೆ ಜಾತಿ ಸಂಘ, ಧರ್ಮ, ನಾಡು, ದೇಶ ಎಲ್ಲವೂ ಒಂದೊಂದು ಹೆಸರು ಕೊಡುತ್ತಿವೆ, ಒಂದೊಂದು ಬಾವುಟವನ್ನೂ ಕೊಡುತ್ತಿವೆ. ಅವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಕಂಟ್ರಾಕ್ಟರ್ ಎರಡು ತಿಂಗಳ ಕೂಲಿ ಕೊಡದೆ ಹೋದ ದಿನ, ಇವುಗಳಲ್ಲಿ ಯಾವುದು ನಮ್ಮ ಜೊತೆ ಬಂದು ನಿಲ್ಲುತ್ತದೆ? ಗಿರಣಿಯ ಕಾಲದವರಿಗೆ ಇದಕ್ಕೆ ಉತ್ತರ ಗೊತ್ತಿತ್ತು.