ಕೊಂಡ ಸಿನಿಮಾ ನೋಡಲು ಅಪ್ಪಣೆ ಬೇಕೆ?

ಜೇಮ್ಸ್ ಕ್ಯಾಮರೂನ್ ನಿರ್ದೇಶನದ ‘ಟೈಟಾನಿಕ್’ ಚಿತ್ರ ಯಾರಿಗೆ ನೆನಪಿಲ್ಲ? 1997ರ ಡಿಸೆಂಬರ್‌ನಲ್ಲಿ ತೆರೆಕಂಡ ಆ ಚಿತ್ರದಲ್ಲಿ ಹಡಗು ಎರಡು ಹೋಳಾಗಿ ಮುಳುಗುವಾಗ ಜಗತ್ತಿನಾದ್ಯಂತ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕುಳಿತಿದ್ದರು. ಚಿತ್ರಕ್ಕೆ ಬಂದ 11 ಆಸ್ಕರ್ ಪ್ರಶಸ್ತಿಗಳಲ್ಲಿ ದೃಶ್ಯ ಪರಿಣಾಮದ ಪ್ರಶಸ್ತಿಯೂ ಒಂದು. ಆ ದೃಶ್ಯಗಳನ್ನು ಸಿದ್ಧಪಡಿಸಿದ ಡಿಜಿಟಲ್ ಡೊಮೈನ್ ಸಂಸ್ಥೆಯಲ್ಲಿ 160 ಆಲ್ಫಾ ಕಂಪ್ಯೂಟರುಗಳು ಹಗಲಿರುಳು ದುಡಿದಿದ್ದವು. ಅವುಗಳಲ್ಲಿ 105 ಯಂತ್ರಗಳನ್ನು ನಡೆಸಿದ್ದು ಲಿನಕ್ಸ್. ಯಾರು ಬೇಕಾದರೂ ಪಡೆದು, ಬಳಸಿ, ತಿದ್ದಿ, ಇತರರಿಗೂ ಹಂಚಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಅದು.

1999ರ ಆಗಸ್ಟ್‌ನಲ್ಲಿ ಅದೇ ಚಿತ್ರದ ಡಿ.ವಿ.ಡಿ. ಅಮೆರಿಕದ ಅಂಗಡಿಗಳಿಗೆ ಬಂತು. ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಕೊಂಡವರು ಹಣ ಕೊಟ್ಟು ಡಿಸ್ಕ್ ತಂದು ಡ್ರೈವಿಗೆ ಹಾಕಿದರೆ ಪರದೆಯ ಮೇಲೆ ಏನೂ ಮೂಡಲಿಲ್ಲ. ಚಿತ್ರ ತಯಾರಿಸಲು ನೆರವಾದ ವ್ಯವಸ್ಥೆಯಲ್ಲೇ ಆ ಚಿತ್ರ ನೋಡಲು ಸಾಧ್ಯವಿರಲಿಲ್ಲ! ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿಗೆ ಇದಕ್ಕಿಂತ ಉದಾಹರಣೆ ಬೇಕೆ?

ಲಿನಕ್ಸ್ ಹಾಕಿಕೊಳ್ಳಲು ಹೊರಟವರು ಪಟ್ಟ ಪಾಡು ಒಂದೆರಡಲ್ಲ. ಆದರೆ ಆ ಪಾಡುಗಳಲ್ಲಿ ಎರಡು ಬಗೆಯಿತ್ತು. ಒಂದು ತಿಳಿವಳಿಕೆಯ ಕೊರತೆಯಿಂದ ಬಂದದ್ದು. ಇನ್ನೊಂದು, ಬೇಕೆಂದೇ ಹಾಕಿದ ಬೀಗದಿಂದ ಬಂದದ್ದು. ಮೊದಲನೆಯದು ಸಾವಿರಾರು ಜನರ ದುಡಿಮೆಯಿಂದ ಬಹುಮಟ್ಟಿಗೆ ನಿವಾರಣೆಯಾಯಿತು. ಎರಡನೆಯದು ಕೋರ್ಟಿನ ಕಟ್ಟೆ ಹತ್ತಿತು.

ಅರ್ಧ ಹೆಸರಿಗೇ ನಿಂತ ಯಂತ್ರ

ಮುಕ್ತ ತಂತ್ರಾಂಶದ ಚಳವಳಿಗೆ ನಾಂದಿ ಹಾಡಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಸಂಪೂರ್ಣ ಸ್ವತಂತ್ರವಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ‘ಗ್ನೂ’ ಯೋಜನೆಯನ್ನು ಅವರು 1983ರಲ್ಲಿ ಪ್ರಕಟಿಸಿದರು. ಅದರ ಬಹುಪಾಲು ಭಾಗಗಳು ಸಿದ್ಧವಾದರೂ ಯಂತ್ರವನ್ನು ಆಳುವ ತಿರುಳು ಮಾತ್ರ ಬಾಕಿ ಉಳಿದಿತ್ತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆದ ತಿರುಳು ಆ ಕೊರತೆಯನ್ನು ತುಂಬಿತು. ಅದೇ ಲಿನಕ್ಸ್. ತಿರುಳನ್ನೂ ಉಳಿದ ತಂತ್ರಾಂಶಗಳನ್ನೂ ಒಟ್ಟುಗೂಡಿಸಿ ಕೊಡುವ ‘ವಿತರಣೆ’ಗಳು ಹುಟ್ಟಿಕೊಂಡವು. 1993ರಲ್ಲಿ ಬಂದ ಸ್ಲಾಕ್‌ವೇರ್, ಡೆಬಿಯನ್ ಇವುಗಳಲ್ಲಿ ಮುಖ್ಯವಾದವು.

ಆಗ ಲಿನಕ್ಸ್ ಬರುತ್ತಿದ್ದುದು ಫ್ಲಾಪಿಗಳ ಕಟ್ಟಿನಲ್ಲಿ. ಒಂದಾದ ಮೇಲೊಂದು ಫ್ಲಾಪಿ ಹಾಕುತ್ತಾ ಹೋಗಬೇಕು. ಕೊನೆಯ ಹೊತ್ತಿಗೆ ಒಂದು ಕೆಟ್ಟಿದ್ದರೂ ಸಂಜೆಯ ಶ್ರಮವೆಲ್ಲ ನೀರುಪಾಲು. ಹಾರ್ಡ್ ಡಿಸ್ಕನ್ನು ಭಾಗ ಮಾಡುವಾಗ ಒಂದು ಅಂಕಿ ತಪ್ಪಿದರೆ ಅದರಲ್ಲಿದ್ದ ಹಳೆಯ ಕಡತಗಳೆಲ್ಲ ಮಾಯ. ಯಂತ್ರ ಎಬ್ಬಿಸುವ ಕೆಲಸ ‘ಲಿಲೋ’ ಎಂಬ ಪುಟ್ಟ ಪ್ರೋಗ್ರಾಮಿನದು. ಒಂದೊಂದು ಹಂತ ದಾಟಿದಂತೆ ತನ್ನ ಇಂಗ್ಲಿಷ್ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ತೋರಿಸುವುದು ಅದರ ಪದ್ಧತಿ. ಎಲ್, ಐ ಎಂಬೆರಡು ಅಕ್ಷರ ಮೂಡಿ ಅಲ್ಲಿಗೇ ನಿಂತರೆ ಯಂತ್ರ ಏಳುವುದಿಲ್ಲ ಎಂದೇ ಅರ್ಥ. ಆ ಅರ್ಧ ಹೆಸರನ್ನು ನೋಡುತ್ತಾ ರಾತ್ರಿ ಕಳೆದವರು ಎಷ್ಟೋ ಮಂದಿ.

ಚಿತ್ರ ಮೂಡಿಸುವುದಂತೂ ಇನ್ನೂ ಕಷ್ಟ. ಮಾನಿಟರಿನ ಕಂಪನಾಂಕಗಳನ್ನು ಬಳಕೆದಾರರೇ ಕೈಯಾರೆ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಹಾಳಾದೀತು ಎಂಬ ಎಚ್ಚರಿಕೆ ಬೇರೆ. ಸೌಂಡ್ ಕಾರ್ಡ್ ಸರಿಹೋಯಿತೇ ಎಂದು ಪರೀಕ್ಷಿಸಲು ರೆಡ್ ಹ್ಯಾಟ್ ವಿತರಣೆಯಲ್ಲಿ ಟೊರ್ವಾಲ್ಡ್ಸ್ ಅವರದೇ ಧ್ವನಿಮುದ್ರಣವಿತ್ತು. ತಮ್ಮ ಹೆಸರು ಹೇಳಿ, ಲಿನಕ್ಸ್ ಪದವನ್ನು ತಾವು ಹೇಗೆ ಉಚ್ಚರಿಸುತ್ತೇವೆಂದು ಅವರು ತಿಳಿಸುವ ಒಂದೇ ವಾಕ್ಯ. ಅದು ಸ್ಪೀಕರಿನಿಂದ ಹೊರಟಿತೆಂದರೆ ಯುದ್ಧ ಗೆದ್ದಷ್ಟು ಸಂಭ್ರಮ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ದೂರವಾಣಿ ತಂತಿಯ ಮೂಲಕ ತೆವಳುವ ಆ ಸಂಪರ್ಕದಲ್ಲಿ ಇಡೀ ಲಿನಕ್ಸ್ ಇಳಿಸಿಕೊಳ್ಳುವುದು ಕನಸಿನ ಮಾತು. ಹಾಗಾಗಿ ಬೆಂಗಳೂರಿನಂಥ ಊರುಗಳ ಅನೇಕ ಆಸಕ್ತರಿಗೆ ಲಿನಕ್ಸ್ ಮೊದಲು ಸಿಕ್ಕಿದ್ದು ‘ಪಿಸಿ ಕ್ವೆಸ್ಟ್’ ಮಾಸಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ. ಹಾಕಿಕೊಂಡ ಮೇಲೆ ಮೋಡೆಮ್ಮಿನ ಕಾಟ. ಕಡಿಮೆ ಬೆಲೆಯ ಅನೇಕ ಮೋಡೆಮ್ಮುಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸ್ ತಂತ್ರಾಂಶಕ್ಕೆ ಬಿಟ್ಟಿರುತ್ತಿದ್ದುದರಿಂದ ಲಿನಕ್ಸಿನಲ್ಲಿ ಮೂಕವಾಗಿ ಕೂರುತ್ತಿದ್ದವು. ಮೋಡೆಮ್ ಸರಿಪಡಿಸುವ ವಿವರ ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ ಬೇಕೆಂದರೆ ಮೋಡೆಮ್ ಸರಿಯಾಗಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಈ ತೊಂದರೆಗಳಿಗೆಲ್ಲ ಒಂದು ಮುಖ್ಯ ಕಾರಣವಿತ್ತು. ಯಂತ್ರಾಂಶ ತಯಾರಿಸುವ ಎಷ್ಟೋ ಕಂಪನಿಗಳು ಅದರ ಒಳವಿವರವನ್ನು ಹೊರಗೆ ಬಿಡುತ್ತಿರಲಿಲ್ಲ. ಸ್ವಯಂಸೇವಕರೇ ಒಂದೊಂದು ಬಿಡಿಭಾಗವನ್ನು ಪರೀಕ್ಷಿಸಿ, ಅದು ನಡೆಯುವ ಬಗೆಯನ್ನು ಊಹಿಸಿ, ತಂತ್ರಾಂಶ ಬರೆದರು. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಅವರ ‘ಕ್ನಾಪಿಕ್ಸ್’ ಬಂದಾಗ ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿ.ಡಿ.ಯಿಂದಲೇ ಲಿನಕ್ಸ್ ನಡೆಸುವುದು ಸುಲಭವಾಯಿತು. 2004ರಲ್ಲಿ ಆರಂಭವಾದ ಉಬುಂಟು, ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳುಹಿಸುತ್ತಿತ್ತು; ಆ ಸೌಲಭ್ಯ 2011ರವರೆಗೆ ನಡೆಯಿತು. ವೈಫೈ ಕಾರ್ಡುಗಳಿಗೆ ಬೇಕಾದ ಮುಕ್ತವಲ್ಲದ ತಂತ್ರಾಂಶವನ್ನು ಡೆಬಿಯನ್ ಬಹುಕಾಲ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ, 2023ರ 12ನೇ ಆವೃತ್ತಿಯಿಂದ ಅದನ್ನೂ ಸ್ಥಾಪನಾ ಪ್ರತಿಯಲ್ಲಿ ಸೇರಿಸಿದರು. ಅಲ್ಲಿಗೆ ಇನ್ನೊಂದು ತಲೆನೋವು ಕಡಿಮೆಯಾಯಿತು.

ಆಟಿಕೆಗಳ ನಾಮಕರಣ

ಲಿನಕ್ಸ್ ಕಟ್ಟಿದವರಿಗೂ ಸಿನಿಮಾಗಳಿಗೂ ನಂಟು ಮೊದಲಿನಿಂದಲೂ ಇತ್ತು. ಡೆಬಿಯನ್ ಯೋಜನೆಯನ್ನು ಆರಂಭದ ವರ್ಷಗಳಲ್ಲಿ ಮುನ್ನಡೆಸಿದ ಬ್ರೂಸ್ ಪೆರೆನ್ಸ್ ಕೆಲಸ ಮಾಡುತ್ತಿದ್ದುದು ಪಿಕ್ಸಾರ್ ಸ್ಟುಡಿಯೋದಲ್ಲಿ. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ರೂಪುಗೊಂಡ ಮೊದಲ ಪೂರ್ಣಾವಧಿ ಚಿತ್ರ ‘ಟಾಯ್ ಸ್ಟೋರಿ’ 1995ರಲ್ಲಿ ಅಲ್ಲಿಂದ ಹೊರಬಂತು. ಮರುವರ್ಷ ಬಂದ ಡೆಬಿಯನ್ 1.1 ಆವೃತ್ತಿಗೆ ಆ ಚಿತ್ರದ ಗಗನಯಾತ್ರಿ ಗೊಂಬೆ ‘ಬಜ್’ನ ಹೆಸರಿಟ್ಟರು. ಅಂದಿನಿಂದ ರೆಕ್ಸ್, ಬೋ, ಹ್ಯಾಮ್, ಪೊಟೇಟೊ, ವುಡಿ ಹೀಗೆ ಆ ಸರಣಿಯ ಆಟಿಕೆಗಳದೇ ಹೆಸರು. 2025ರ 13ನೇ ಆವೃತ್ತಿ ‘ಟ್ರಿಕ್ಸಿ’. ಯಾವಾಗ ಬೇಕಾದರೂ ಕೈಕೊಡಬಹುದಾದ ಪ್ರಾಯೋಗಿಕ ಆವೃತ್ತಿಗೆ ಮಾತ್ರ ಶಾಶ್ವತವಾಗಿ ‘ಸಿಡ್’ ಎಂಬ ಹೆಸರು. ಚಿತ್ರದಲ್ಲಿ ಆಟಿಕೆಗಳನ್ನು ಮುರಿದು ಹಿಂಸಿಸುವ ಪಕ್ಕದ ಮನೆಯ ಹುಡುಗ ಅವನು!

ಇಷ್ಟು ಪ್ರೀತಿಯಿಂದ ಸಿನಿಮಾದ ಹೆಸರಿಟ್ಟುಕೊಂಡವರಿಗೇ ಸಿನಿಮಾ ನೋಡುವ ಬಾಗಿಲು ಮುಚ್ಚಿತ್ತು.

ಡಿಸ್ಕಿನ ಬೀಗ

ಡಿ.ವಿ.ಡಿ. ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 1997ರಲ್ಲಿ. ಒಂದಿಷ್ಟೂ ಮಸುಕಾಗದ ಪ್ರತಿಗಳನ್ನು ಎಷ್ಟು ಬೇಕಾದರೂ ತೆಗೆಯಬಹುದೆಂಬುದು ಚಿತ್ರೋದ್ಯಮದ ಭಯ. ಕಳ್ಳಪ್ರತಿಗಳ ಹಾವಳಿ ಕಂಡವರು ಆ ಭಯವನ್ನು ಸುಳ್ಳೆನ್ನಲಾರರು. ಅದಕ್ಕಾಗಿ ಡಿಸ್ಕಿನ ಚಿತ್ರವನ್ನು ಕಲಸಿಡುವ ‘ಸಿ.ಎಸ್.ಎಸ್.’ ಎಂಬ ಬೀಗ ಹಾಕಿದರು. ಅದನ್ನು ತೆರೆಯುವ ಕೀಲಿ, ಒಪ್ಪಂದಕ್ಕೆ ಸಹಿ ಹಾಕಿ ಗುಟ್ಟು ಕಾಯುವ ತಯಾರಕರಿಗೆ ಮಾತ್ರ. ಲಿನಕ್ಸ್ ಬಳಗದ ಪದ್ಧತಿಯೋ ಬರೆದದ್ದನ್ನೆಲ್ಲ ಬಯಲಿನಲ್ಲಿಡುವುದು. ಬಯಲಿನಲ್ಲಿಟ್ಟ ಮೇಲೆ ಗುಟ್ಟೆಲ್ಲಿ? ಹೀಗಾಗಿ ಆಗ ಲಿನಕ್ಸಿಗೆ ಅಧಿಕೃತ ಪ್ಲೇಯರ್ ಇರಲಿಲ್ಲ.

ಇನ್ನೊಂದು ಅಡ್ಡಗೋಡೆಯೂ ಇತ್ತು. ಜಗತ್ತನ್ನು ವಲಯಗಳಾಗಿ ಹಂಚಿ, ಒಂದು ವಲಯದ ಡಿಸ್ಕ್ ಮತ್ತೊಂದರ ಪ್ಲೇಯರಿನಲ್ಲಿ ಓಡದಂತೆ ಮಾಡಲಾಗಿತ್ತು. ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ತಂದ ಡಿಸ್ಕ್ ಬೆಂಗಳೂರಿನ ಪ್ಲೇಯರಿನಲ್ಲಿ ಓಡದಿದ್ದರೆ ಅದಕ್ಕೆ ಈ ಹಂಚಿಕೆಯೇ ಕಾರಣ.

1999ರ ಅಕ್ಟೋಬರ್‌ನಲ್ಲಿ ಬೀಗ ಮುರಿಯಿತು. ನಾರ್ವೆಯ 15 ವರ್ಷದ ಬಾಲಕ ಯಾನ್ ಲೆಕ್ ಯೊಹಾನ್ಸನ್ ಇತರ ಇಬ್ಬರ ಜೊತೆಗೂಡಿ ‘ಡಿ-ಸಿ.ಎಸ್.ಎಸ್.’ ಎಂಬ ಪುಟ್ಟ ಪ್ರೋಗ್ರಾಮನ್ನು ಹೊರಬಿಟ್ಟ. ಒಂದು ಕಂಪನಿಯ ವಿಂಡೋಸ್ ಪ್ಲೇಯರಿನಲ್ಲಿ ಕೀಲಿಯನ್ನು ಸರಿಯಾಗಿ ಬಚ್ಚಿಟ್ಟಿರಲಿಲ್ಲ. ಅಲ್ಲಿಂದ ಗುಟ್ಟು ಬಯಲಾಗಿತ್ತು. ಚಿತ್ರೋದ್ಯಮದ ದೂರಿನ ಮೇಲೆ 2000ದ ಜನವರಿಯಲ್ಲಿ ಪೊಲೀಸರು ಹುಡುಗನ ಮನೆಯನ್ನು ಶೋಧಿಸಿ ಕಂಪ್ಯೂಟರುಗಳನ್ನು ಒಯ್ದರು.

ಅದೇ ಜನವರಿಯಲ್ಲಿ ಅಮೆರಿಕದ ಎಂಟು ಸ್ಟುಡಿಯೋಗಳು ಈ ಪ್ರೋಗ್ರಾಮನ್ನು ಹಂಚುತ್ತಿದ್ದವರ ಮೇಲೆ ದಾವೆ ಹೂಡಿದವು. ಅಲ್ಲಿನ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನಂತೆ ಇಂಥ ಬೀಗ ಮುರಿಯುವ ಸಾಧನ ಹಂಚುವುದೇ ಅಪರಾಧ; ಅದರಿಂದ ಯಾರಾದರೂ ನಕಲು ತೆಗೆದರೇ ಎಂಬ ಪ್ರಶ್ನೆ ಆಮೇಲಿನದು. ಆಗಸ್ಟ್‌ನಲ್ಲಿ ನ್ಯಾಯಾಧೀಶ ಲೂಯಿಸ್ ಕಪ್ಲಾನ್ ಸ್ಟುಡಿಯೋಗಳ ಪರ ತೀರ್ಪಿತ್ತರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪ್ರೋಗ್ರಾಮ್ ಕೂಡ ಒಂದು ಬರವಣಿಗೆ, ಬರವಣಿಗೆಯನ್ನು ನಿಷೇಧಿಸುವುದು ಹೇಗೆ ಎಂದು ಕೇಳಿದವರು ಅದನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿದರು, ಪದ್ಯವಾಗಿ ಬರೆದರು. ಫಿಲ್ ಕಾರ್ಮಡಿ ಎಂಬುವರು 2001ರಲ್ಲಿ ಆ ಪ್ರೋಗ್ರಾಮನ್ನೇ ಅಡಗಿಸಿಕೊಂಡ, ಸಾವಿರಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಂಖ್ಯೆಯೊಂದನ್ನು ಕಂಡುಹಿಡಿದರು. ಒಂದು ಸಂಖ್ಯೆಯೇ ಕಾನೂನುಬಾಹಿರವಾದೀತೆ ಎಂಬ ವಿಚಿತ್ರ ಪ್ರಶ್ನೆ ಎದ್ದಿತು.

ನಾರ್ವೆಯ ಕಥೆ ಬೇರೆ ದಾರಿ ಹಿಡಿಯಿತು. ತನ್ನ ಬಳಿ ಇರುವ ಡಿಸ್ಕುಗಳನ್ನು ಲಿನಕ್ಸಿನಲ್ಲಿ ನೋಡುವುದೇ ಉದ್ದೇಶವಾಗಿತ್ತು ಎಂಬುದು ಯೊಹಾನ್ಸನ್ ವಾದ. ಹಾಗಿದ್ದರೆ ಪ್ರೋಗ್ರಾಮ್ ವಿಂಡೋಸಿಗೆ ಏಕೆ ಬರೆದದ್ದು ಎಂಬ ಪ್ರಶ್ನೆ ಬಂತು. ಡಿ.ವಿ.ಡಿ.ಯ ಕಡತ ಪದ್ಧತಿಯನ್ನು ಓದುವ ಸೌಲಭ್ಯ ಆಗಿನ್ನೂ ಲಿನಕ್ಸಿನಲ್ಲಿ ಸರಿಯಾಗಿ ಇರಲಿಲ್ಲ ಎಂಬುದು ಉತ್ತರ. 2003ರ ಜನವರಿಯಲ್ಲಿ ಓಸ್ಲೊ ನ್ಯಾಯಾಲಯ ಆತನನ್ನು ಖುಲಾಸೆ ಮಾಡಿತು. ನ್ಯಾಯವಾಗಿ ಕೊಂಡ ಡಿಸ್ಕಿನಲ್ಲಿರುವುದನ್ನು ನೋಡುವ ಅಧಿಕಾರ ಕೊಂಡವರಿಗಿದೆ ಎಂಬುದು ತೀರ್ಪಿನ ತಿರುಳು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಲಿನ ನ್ಯಾಯಾಲಯವೂ ಹಾಗೆಯೇ ಹೇಳಿತು. ಸರ್ಕಾರ ಮುಂದಿನ ಮೇಲ್ಮನವಿಯನ್ನು ಕೈಬಿಟ್ಟಿತು.

ಬೀಗ ಬದಲಾಯಿತು

ಪ್ಯಾರಿಸ್‌ನ ಎಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯೊಂದು 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಇಂದು ಮನೆಮನೆಯ ಕಂಪ್ಯೂಟರುಗಳಲ್ಲಿರುವ ವಿ.ಎಲ್.ಸಿ. ಪ್ಲೇಯರ್ ಅದೇ. ಲಿನಕ್ಸಿನಲ್ಲಿ ಡಿ.ವಿ.ಡಿ. ತೆರೆಯುವ ಸಾಧನವೂ ಆ ಬಳಗದಿಂದ ಬಂತು. ಆದರೂ ಹಲವು ವಿತರಣೆಗಳು ಕಾನೂನಿಗೆ ಅಂಜಿ ಇಂದಿಗೂ ಅದನ್ನು ಜೊತೆಯಲ್ಲಿ ಕೊಡುವುದಿಲ್ಲ. ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕು. ಭಾರತದ ಕಾನೂನು ಈ ವಿಷಯದಲ್ಲಿ ಸ್ವಲ್ಪ ಉದಾರವಾಗಿದೆ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮಿನ ಪ್ರಕಾರ, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಶಿಕ್ಷೆ.

ಈಗ ಡಿಸ್ಕುಗಳ ಕಾಲ ಮುಗಿಯುತ್ತಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಡ್ರೈವೇ ಅಪರೂಪ. ಸಿನಿಮಾ ಇಂಟರ್‌ನೆಟ್ಟಿನಲ್ಲಿ ಹರಿದು ಬರುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್‌ಫ್ಲಿಕ್ಸ್ ಕ್ರೋಮ್ ಬ್ರೌಸರ್ ಮೂಲಕ ತೆರೆದುಕೊಂಡದ್ದು 2014ರಲ್ಲಿ, ಅದೂ ಒಳವಿವರ ತೋರಿಸದ ಹೊಸ ಬೀಗದ ಸಮೇತ. ಅನೇಕ ಸೇವೆಗಳು ಇಂದಿಗೂ ತಮ್ಮ ಅತ್ಯುತ್ತಮ ಗುಣಮಟ್ಟದ ಚಿತ್ರವನ್ನು ಲಿನಕ್ಸ್ ಕಂಪ್ಯೂಟರಿಗೆ ಕೊಡುವುದಿಲ್ಲ. ತಮಾಷೆಯೆಂದರೆ ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಲಿನಕ್ಸ್ ತಿರುಳೇ. ಅಲ್ಲಿ ಅದೇ ಚಿತ್ರ ಸರಾಗವಾಗಿ ಓಡುತ್ತದೆ. ಯಂತ್ರಕ್ಕೆ ಶಕ್ತಿ ಸಾಲದೆಂದಲ್ಲ, ಅಪ್ಪಣೆ ಇಲ್ಲವೆಂದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ ಹಿರಿಯರು. ಆ ಮಾತು ಹುಟ್ಟಿದ್ದು ಉಡುಗೆ ತೊಡುಗೆಯ ಬಗ್ಗೆ. ಈಗ ಸಿನಿಮಾ ನೋಟಕ್ಕೂ ಅದು ಹೊಂದುತ್ತದೆ. ಅರ್ಧ ಹೆಸರಿಗೇ ನಿಂತ ಯಂತ್ರವನ್ನು ಎಬ್ಬಿಸುವುದನ್ನು ಜನ ಕಲಿತುಕೊಂಡರು. ಕೊಂಡದ್ದು ಯಾರ ಸ್ವತ್ತು ಎಂಬ ಪ್ರಶ್ನೆಗೆ ಮಾತ್ರ ಓಸ್ಲೊದಲ್ಲಿ ಒಂದು ಉತ್ತರ, ನ್ಯೂಯಾರ್ಕಿನಲ್ಲಿ ಇನ್ನೊಂದು. ತಿಂಗಳ ಚಂದಾ ಕಟ್ಟಿ ನೋಡುವವರಿಗೆ ಆ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ. ಅವರ ಕೈಯಲ್ಲಿ ಡಿಸ್ಕಾದರೂ ಎಲ್ಲಿದೆ?