ಸುಂಕದಕಟ್ಟೆಯಿಂದ ಫಾಸ್ಟ್ಯಾಗ್‌ವರೆಗೆ: ಕಾಯುವಿಕೆಯ ಆರ್ಥಿಕತೆ

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ಸುಂಕದವನ ನಿರ್ದಯತೆಗೆ ಸಾಕ್ಷಿಯಾಗಿ ಅರ್ಥೈಸುವುದು ರೂಢಿ. ಆದರೆ ಗಾದೆಯೊಳಗೆ ಇನ್ನೆರಡು ಸಂಗತಿಗಳಿವೆ. ಎದುರಿಗೆ ಒಬ್ಬ ಮನುಷ್ಯನಿದ್ದ. ದುಃಖ ಹೇಳಿಕೊಳ್ಳುವಷ್ಟು ಹೊತ್ತು ಸರಕು ನಿಂತಿರುತ್ತಿತ್ತು. ಹೆದ್ದಾರಿಯ ನೂತನ ತಂತ್ರಜ್ಞಾನವು ಇವೆರಡನ್ನೂ ಬದಲಿಸಿದೆ.

ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಉಲ್ಲೇಖ ವಿಪುಲವಾಗಿದೆ. ಅಡಕೆ, ಮೆಣಸು, ಎಲೆಯ ಹೇರುಗಳ ಮೇಲಿನ ಸುಂಕದಲ್ಲಿ ಒಂದು ಪಾಲನ್ನು ದೇವರ ನಂದಾದೀವಿಗೆಗೆ ಬಿಟ್ಟುಕೊಟ್ಟ ದತ್ತಿಗಳೂ ಉಂಟು. ಹೇರೆತ್ತುಗಳ ಸಾಲು ತಂಗಿದಲ್ಲಿ ನೀರು ಬೇಕು, ಮೇವು ಬೇಕು, ಹಸಿದವರಿಗೆ ಊಟ ಬೇಕು. ಇವನ್ನು ಒದಗಿಸಿ ಬದುಕಿದವರನ್ನು ಶಾಸನ ನೆನೆಯುವುದು ಬಲು ಅಪರೂಪ. ಸುಂಕ ತೆತ್ತವನಿಗೂ ಪಡೆದವನಿಗೂ ಕಲ್ಲು ಸಿಕ್ಕಿತು. ಮಜ್ಜಿಗೆ ಮಾರಿದವಳಿಗೆ ಸಿಗಲಿಲ್ಲ. ಬೆಂಗಳೂರಿನ ಸುಂಕದಕಟ್ಟೆಯಂತಹ ಸ್ಥಳನಾಮಗಳಲ್ಲಿ ಮಾತ್ರ ಆ ತಂಗುದಾಣಗಳ ನೆನಪು ಉಳಿದಿದೆ.

ನಮ್ಮ ಕಾಲದ ಪಲ್ಲಟ ಬಹುಬೇಗ ನಡೆಯಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದೊಡನೆ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆಯ ತಪಾಸಣಾ ಠಾಣೆಗಳು ತೆರವಾದವು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿತು. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ಸುಂಕದ್ವಾರಗಳ ಎಲ್ಲ ಪಥಗಳೂ ಫಾಸ್ಟ್ಯಾಗ್ ಪಥಗಳಾದವು. ವಾಹನದ ಮುಂಗಾಜಿನ ಮೇಲಿನ ಚೀಟಿಯನ್ನು ರೇಡಿಯೋ ತರಂಗಗಳು ಓದುತ್ತವೆ. ಹಣ ಖಾತೆಯಿಂದ ತಾನೇ ಸಂದಾಯವಾಗುತ್ತದೆ.

ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆಗಳ ಮೂಲಕ ಹುಬ್ಬಳ್ಳಿಯತ್ತ ಸಾಗುವ ಹೆದ್ದಾರಿಯನ್ನೇ ನೋಡಬಹುದು. ಚಿತ್ರದುರ್ಗದ ಈರುಳ್ಳಿಗೆ ಕಾಯುವಿಕೆಯೆಂದರೆ ಕೊಳೆತ. ಡೀಸೆಲ್ ಉಳಿಯುತ್ತದೆ, ಲಾರಿ ಬೇಗ ಮರಳುತ್ತದೆ. ಈ ಲಾಭ ನಿಜವಾದುದು. ಅದನ್ನು ಅಲ್ಲಗಳೆಯುವುದು ಜಾನಪದ ವಿದ್ವಾಂಸನ ಹಳಹಳಿಕೆಯಷ್ಟೇ ಆದೀತು. ಆದರೆ ಉಳಿದ ಸಮಯದ ಬೆಲೆ ಮೊದಲು ಸೇರುವುದು ಲಾರಿಯ ಮಾಲೀಕನನ್ನು, ಮಂಡಿಯವನನ್ನು. ಹೊಲದ ರೈತನಿಗೆ ಅದರಲ್ಲೆಷ್ಟು ತಲುಪಿತೆಂಬುದನ್ನು ಬೇರೆಯೇ ಕೇಳಬೇಕಾಗಿದೆ.

ಕ್ಷೇತ್ರಕಾರ್ಯಕ್ಕೆ ಓಡಾಡುವಾಗ ಇದೇ ಹೆದ್ದಾರಿಯ ಒಂದು ಸುಂಕದ್ವಾರದ ಬಳಿ ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು ಮಾರುವ ಹೆಣ್ಣುಮಕ್ಕಳನ್ನು ಹಲವು ವರ್ಷ ಕಂಡಿದ್ದೇನೆ. ಅವರ ಅಂಗಡಿಯೆಂದರೆ ನಿಂತ ವಾಹನಗಳ ಸಾಲು. ಸಾಲು ಕರಗಿದಂತೆ ಬುಟ್ಟಿಗಳೂ ವಿರಳವಾದವು. "ಮೊದ್ಲು ಗಾಡಿ ನಿಲ್ತಿದ್ವು, ನಾವು ಓಡಾಡ್ತಿದ್ವಿ. ಈಗ ಗಾಡಿ ಓಡ್ತವೆ, ನಾವು ನಿಂತಿದೀವಿ ಸಾರ್" ಎಂದರು ಅವರಲ್ಲೊಬ್ಬರು. ಸಾರಿಗೆಯ ಲಾಭನಷ್ಟದ ಲೆಕ್ಕದಲ್ಲಿ ಇವರಿಗೊಂದು ಅಂಕಣವಿಲ್ಲ. ಶಾಸನಗಳ ಕಾಲದಲ್ಲಿಯೂ ಇರಲಿಲ್ಲ.

ಗಾದೆಯ ಸನ್ನಿವೇಶ ಪೂರ್ತಿ ಅಳಿದಿಲ್ಲ. ಖಾತೆಯಲ್ಲಿ ಹಣ ಸಾಲದೆ ತಡೆಗಂಬ ಮೇಲೇಳದಾಗ ಚಾಲಕನು ಇಂದಿಗೂ ಕಿಟಕಿಯತ್ತ ತಲೆ ಹಾಕಿ ಕಷ್ಟ ಹೇಳಿಕೊಳ್ಳುತ್ತಾನೆ. ಒಳಗೆ ಕುಳಿತ ಹುಡುಗ ಎದುರಿನ ಪರದೆಯನ್ನು ತೋರಿಸುತ್ತಾನೆ. ಅಷ್ಟರಲ್ಲಿ ಹಿಂದೆ ನಾಲ್ಕಾರು ಲಾರಿಗಳು ನಿಲ್ಲುತ್ತವೆ, ಸೌತೆಕಾಯಿಯ ಬುಟ್ಟಿಯೊಂದು ಅತ್ತ ಧಾವಿಸುತ್ತದೆ.