ಮೋಡಕಾಕ್ಕ ಹಾಕಿದ್ದ ಡಬ್ಬಿ

ಹ್ವಾದ ದೀಪಾವಳಿಗೆ ಮನಿ ಸ್ವಚ್ಛ ಮಾಡೂ ಮುಂದ ಒಂದು ಹಳೇ ಬಿಸ್ಕೀಟ್ ಡಬ್ಬಿ ಮೋಡಕಾದವನ ಚೀಲಕ್ಕ ಹಾಕಿದ್ದೆ. ತುಂಬ ತುಕ್ಕು ಹಿಡದ ಬೋಲ್ಟು, ನಟ್ಟು. ನಮ್ಮನಿಯವರು ಓಣಿ ತುದಿತನಕ ಓಡಿ ಹೋಗಿ ಅದನ್ನ ವಾಪಸ್ ತಂದ್ರು. ಖರೇ ಹೇಳ್ತೇನಿ, ಅವತ್ತ ನನಗ ಭಾಳ ಸಿಟ್ಟು ಬಂದಿತ್ತು.

ಆ ಡಬ್ಬಿ ನಮ್ಮ ಮಾವನವರದು. ಅವರ 1947ರ ಮಾರಿಸ್ ಟೆನ್ ಕಾರು ಹಿತ್ತಲ ಪತ್ರಾಸಿನ ಶೆಡ್ಡಿನ್ಯಾಗ ನಿಂತು ಇಪ್ಪತ್ತು ವರ್ಷ ಆತು. ಅದನ್ನ ಮೊದಲಿನಂಗ ಮಾಡಿ ಓಡಿಸಬೇಕಂತ ಇವರ ಹಟ. ಇದss ಮಾಡಲ್ ಕಾರನ್ನ ನಮ್ಮ ದೇಶದಾಗ ಹಿಂದುಸ್ತಾನ್ ಮೋಟರ್ಸ್‌ನವರು ‘ಹಿಂದುಸ್ತಾನ್ ಟೆನ್’ ಅನ್ನೋ ಹೆಸರಿಲೆ ಕಟ್ಟತಿದ್ರು, ಅಂಬಾಸಿಡರ್ ಬರೂಕಿಂತ ಎಷ್ಟೋ ಮೊದಲು.

ಎಂಜಿನ್ ಮುಂದಿನ ಮುಚ್ಚಳಕ್ಕ ಒಂದು ಬೋಲ್ಟ್ ಕಡಿಮಿ ಬಿತ್ತು. ಬಂದಿದ್ದ ಮೆಕ್ಯಾನಿಕ್, “ಇಂಗ್ಲೆಂಡಿನ ಗಾಡಿರಿ, ಇಂಚಿಂದss ಹಾಕಬೇಕು” ಅಂತ 5/16 ಇಂಚಿನ ಬೋಲ್ಟ್ ಇಟ್ಟು ತಿರುವಿದ. ಎರಡು ಸುತ್ತು ಆರಾಮ ಹೋತು, ಮೂರನೇದು ಬಿಗಿ ಆತು. ಜೋರ ಹಾಕಿದ. ಒಮ್ಮೆಲೆ ಸಡಲ! ತೂತಿನೊಳಗಿನ ಥ್ರೆಡ್ ಪೂರಾ ಕಿತಗೊಂಡು ಬಂತು. ಇವರ ಮುಖ ನೋಡಲಿಕ್ಕೆ ಆಗಲಿಲ್ಲ. ಸಿಗಲಾರದ ಎಂಜಿನ್ ಅದು.

ಆಮ್ಯಾಲ ಮಾವನವರ ಡಬ್ಬಿ ತಗದು ಮೇಜಿನ ಮ್ಯಾಲ ಸುರುವಿ, ಇಬ್ಬರೂ ಕೂತು ಒಂದೊಂದನ್ನ ಅಳದ್ವಿ. ಎಂಜಿನ್ನಿನ ಬೋಲ್ಟಿನ ದಪ್ಪ 8 ಮಿ.ಮೀ. 5/16 ಇಂಚು ಅಂದ್ರ 7.94. ಕಣ್ಣಿಗೆ ಎರಡೂ ಒಂದss. ಆದ್ರ ಇಂಚಿನ ಆ ಬೋಲ್ಟಿಗೆ ಒಂದು ಇಂಚಿನೊಳಗ 22 ಸುತ್ತಿನ ಥ್ರೆಡ್, ಇದಕ್ಕ ಒಂದೊಂದು ಮಿಲಿಮೀಟರಿಗೆ ಒಂದು, ಅಂದ್ರ ಇಂಚಿಗೆ ಇಪ್ಪತ್ತೈದರ ಮ್ಯಾಲ. ಕೂಡೂದ್ಹೆಂಗ? ಇವತ್ತ ಅಂಗಡ್ಯಾಗ ಸಿಗೋ 8 ಮಿ.ಮೀ. ಬೋಲ್ಟೂ ನಡಿಯೂದಿಲ್ಲ, ಅದರದು 1.25 ಮಿ.ಮೀ.ಗೆ ಒಂದು ಸುತ್ತು. ಇನ್ನೊಂದು ಮೋಜು ಅಂದ್ರ, ಮೈ ಮಿಲಿಮೀಟರಿಂದು ಆದ್ರೂ ಬೋಲ್ಟಿನ ತಲಿ ಮಾತ್ರ ಇಂಗ್ಲೆಂಡಿನ ವಿಟ್‌ವರ್ತ್ ಅಳತಿದು. 13ರ ಪಾನಾ ಹತ್ತೂದಿಲ್ಲ, 14ರದು ಜಾರತದ.

ಇಂಗ್ಲೆಂಡಿನ ಗಾಡಿಗೆ ಮಿಲಿಮೀಟರ್ ಎಲ್ಲಿಂದ ಬಂತು? ನನಗ ನಿದ್ದಿ ಕೆಡಿಸಿದ್ದು ಇದss.

ಉತ್ತರ ಮೊದಲನೇ ಮಹಾಯುದ್ಧದಾಗ ಅದ. ಪ್ಯಾರಿಸ್ ಹತ್ತಿರದ ಸೇಂಟ್ ಡೆನಿಯೊಳಗ ಹಾಚ್‌ಕಿಸ್ ಅಂತ ಮಷಿನ್‌ಗನ್ ಮಾಡೋ ಕಂಪನಿ ಇತ್ತು. 1914ರಾಗ ಜರ್ಮನ್ ಸೈನ್ಯ ಪ್ಯಾರಿಸ್ ಸಮೀಪಕ್ಕ ಬಂದಾಗ, ಕಾರಖಾನಿ ಕೈತಪ್ಪಿದ್ರ ಹೆಂಗ ಅಂತ ಅಂಜಿ ಅವರು ಇಂಗ್ಲೆಂಡಿನ ಕವೆಂಟ್ರಿಯೊಳಗ, ಗಾಸ್ಫರ್ಡ್ ಬೀದಿಯೊಳಗ, ಇನ್ನೊಂದು ಕಾರಖಾನಿ ಹಾಕಿದ್ರು. ಮಷಿನ್ ಎಲ್ಲಾ ಫ್ರೆಂಚ್ ಅಳತಿವು, ಮಿಲಿಮೀಟರಿನವು. ಯುದ್ಧ ಮುಗೀತು, ಬಂದೂಕು ಯಾರಿಗೆ ಬೇಕು? ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್ ಅವರಿಗೆ ಕಾರಿನ ಎಂಜಿನ್ ಬೇಕಾಗಿದ್ವು. ಯುದ್ಧ ನಡದಾಗ ಅಮೆರಿಕಾದ ಕಾಂಟಿನೆಂಟಲ್ ಕಂಪನಿಯಿಂದ ತರಸತಿದ್ರು. ಅದರ ನಮೂನಿ ಇಟಗೊಂಡು ಹಾಚ್‌ಕಿಸ್‌ನವರು ಎಂಜಿನ್ ಮಾಡಿಕೊಡಲಿಕ್ಕೆ ಹತ್ತಿದ್ರು. 1923ರಾಗ ಮಾರಿಸ್ ಆ ಕಾರಖಾನಿನss ಕೊಂಡ್ರು.

ಕಾರಖಾನಿ ಕೊಂಡ್ರೂ ಮಷಿನ್ ಅವss ಇದ್ವಲ್ಲ! ಎಲ್ಲಾ ಬದಲಿ ಮಾಡೂದಂದ್ರ ರೊಕ್ಕದ ಸುರಿಮಳಿ. ಅದಕ್ಕ ಥ್ರೆಡ್ ಮಿಲಿಮೀಟರಿನಾಗss ಉಳೀತು. ಆದ್ರ ಊರೂರಿನ ಗ್ಯಾರೇಜಿನವರ ಕಡೆ ಇರೋ ಪಾನಾ ವಿಟ್‌ವರ್ತ್‌ದು, ಹಂಗಾಗಿ ತಲಿ ಮಾತ್ರ ಅವರ ಪಾನಾಕ್ಕ ಹತ್ತೂವಂಗ ಮಾಡಿದ್ರು. ಕಿಲೋ ಬಂದಮ್ಯಾಲೂ ನಮ್ಮಜ್ಜಿ ಸೇರಿಲೆ ಅಳದು ಕಿಲೋದ ಲೆಕ್ಕ ಹೇಳತಿದ್ಲು, ಹಂಗss ಇದು. ಎಮ್‌ಜಿ ಟಿಸಿ, ಟಿಡಿ ಕಾರಿನ ಎಂಜಿನ್ನೂ ಇದss ಮನೆತನದ್ದು, 1955ರ ತನಕ ಈ ಥ್ರೆಡ್ ನಡೀತು.

ಬಾಡಿ ಕಡೆದ್ದು ಬ್ಯಾರೆ ಕಥಿ. ಅಲ್ಲೆ ಇಂಗ್ಲೆಂಡಿನ ಇಂಚು. ಅದರಾಗ ನಾಲ್ಕು ಬೋಲ್ಟಿನ ತಲಿಯ ಬದಿಗೆ ಒಂದಕ್ಕೊಂದು ಅಂಟಿದ ಮೂರು ಸಣ್ಣ ವೃತ್ತ ಕಂಡ್ವು. ನಾ ಅದನ್ನ ಕಂಪನಿ ಗುರ್ತು ಅನಕೊಂಡೆ. ಅಲ್ಲ, ‘ಯುನಿಫೈಡ್’ ಥ್ರೆಡ್ಡಿನ ಗುರ್ತು ಅದು. ಅಮೆರಿಕಾ, ಕೆನಡಾ, ಬ್ರಿಟನ್ ಮೂರೂ ಕೂಡಿ ಆ ಅಳತಿ ಒಪ್ಪಿಕೊಂಡದ್ದು 1948ರ ನವೆಂಬರದಾಗ. ಅಂದ್ರ 1947ರ ಕಾರಿನ್ಯಾಗ ಅವು ಹುಟ್ಟಿನಿಂದ ಇರಲಿಕ್ಕೆ ಸಾಧ್ಯss ಇಲ್ಲ, ಆಮ್ಯಾಲ ಯಾರೋ ಹಾಕಿದ್ದು. “ಮಾವನವರು ಒಮ್ಮೆ ಬಾಗಲಾ ಬಿಚ್ಚಿಸಿದ್ರು” ಅಂತ ನಮ್ಮತ್ತಿಯವರು ಅಡಗಿಮನ್ಯಾಗಿಂದ ಹೇಳಿದ್ರು. ನಾಲ್ಕೂ ಬಾಗಲದ್ದss ಇದ್ವು.

ಕೆಟ್ಟ ತೂತನ್ನ ದೊಡ್ಡದು ಮಾಡಿ, ಒಳಗ ಬುಶ್ ಕೂಡಿಸಿ, ಲೇತ್‌ದವರ ಕಡೆ 1 ಮಿ.ಮೀ. ಥ್ರೆಡ್ ಹಾಕಿಸಿದ್ವಿ. ಬೋಲ್ಟ್ ಮಾತ್ರ ಹೊಸಾದು ಮಾಡಸಲಿಲ್ಲ. ಡಬ್ಬಿಯೊಳಗ ಮಾವನವರು ಎತ್ತಿಟ್ಟ ಅಂಥಾವು ಏಳು ಇದ್ವು. ನಾ ಮೋಡಕಾಕ್ಕ ಹಾಕಿದ್ನಲ್ಲ, ಅದss ಡಬ್ಬಿ. ಒಂದನ್ನ ಸೀಮಿಎಣ್ಣಿಯೊಳಗ ರಾತ್ರಿಯಿಡೀ ನೆನಸಿ, ಬ್ರಶ್ಶಿಲೆ ತಿಕ್ಕಿ, ನಾನss ಕೈಲೆ ತಿರುವಿದೆ. ಕಡೀತನಕ ಬಟ್ಟಿಲೇನss ಹೋತು. ಉಳದ ಆರು ಈಗ ಉಪ್ಪಿನಕಾಯಿ ಬಾಟ್ಲಿಯೊಳಗ ಅವ, ಮ್ಯಾಲ ‘ಎಂಜಿನ್, 8-1’ ಅಂತ ಚೀಟಿ ಹಚ್ಚೇನಿ.